ಮೂರನೇ ಬೆಂಚಿನ ಖಾಲಿ ಜಾಗ: ಕಾಲೇಜು ಬಿಡುವ ಹುಡುಗರನ್ನು ಅಧ್ಯಾಪಕರು ಹೇಗೆ ಉಳಿಸಿಕೊಳ್ಳಬಹುದು?

ನಮ್ಮಲ್ಲಿ ಹೆಚ್ಚಿನವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವರು. ಮನೆಯಲ್ಲಿ ಧಾರವಾಡದ ಮಾತು, ಪುಸ್ತಕದಲ್ಲಿ ಇಂಗ್ಲಿಷ್. ಹಾಗಾಗಿ ಈ ಲೇಖನದಲ್ಲಿ ಬರವಣಿಗೆಯ ಕನ್ನಡ, ಮಾತಿನ ಕನ್ನಡ ಎರಡೂ ಕಲೆತು ಬಂದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ವಿಷಯ ಮಾತ್ರ ಬಹಳ ದಿನದಿಂದ ನಮ್ಮ ತಲೆಯಲ್ಲಿ ಕೊರೀತಾ ಇದೆ.

ಮೊದಲ ಸೆಮಿಸ್ಟರ್‌ನಲ್ಲಿ ಮೂರನೇ ಬೆಂಚಿನಲ್ಲಿ ನಾವು ನಾಲ್ಕು ಮಂದಿ ಕೂಡ್ತಿದ್ವಿ. ನಾಲ್ಕನೆಯವನು ನವಲಗುಂದ ಕಡೆಯ ಹಳ್ಳಿಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಪಿಯುಸಿ ಸೈನ್ಸ್, ಆಮೇಲೆ ಸಿಇಟಿ. ದಿನಾ ಬೆಳಿಗ್ಗೆ ಬಸ್ಸಿಗೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಕಾಲೇಜು ಮುಟ್ಟಬೇಕು. ಸಂಜೆ ಕ್ಲಾಸ್ ಮುಗಿದ ಕೂಡಲೇ ಬಸ್ಸಿಗೆ ಓಡಬೇಕು. ಮೊದಲು ವಾರಕ್ಕೊಂದು ದಿನ ತಪ್ಪಿಸಿದ, ಆಮೇಲೆ ಎರಡು ದಿನ. ಹಿಂಗಾರಿ ಬಿತ್ತನೆ ಹೊತ್ತಿಗೆ ಊರಿಗೆ ಹೋದವನು ಎರಡು ವಾರ ಬರಲಿಲ್ಲ. ಬಂದಾಗ ಗಣಿತದಲ್ಲಿ ನಾವು ಬೇರೆ ಮಾಡ್ಯೂಲಿನಲ್ಲಿದ್ದೆವು. ಎರಡನೇ ಇಂಟರ್ನಲ್ಸ್ ಆದ ಮೇಲೆ ಅವನು ಮತ್ತೆ ಬರಲೇ ಇಲ್ಲ. ನಾವು ಮೂರೂ ಮಂದಿ ಬ್ಯಾಗ್ ಇಡ್ಲಿಕ್ಕೆ ಜಾಗ ಸಿಕ್ಕಿತು ಅಂತ ಆರಾಮಾಗಿ ಕೂತೆವು. ಇದನ್ನು ಬರೆಯೋಕೆ ನಾಚಿಕೆ ಆಗ್ತದೆ, ಆದರೂ ನಿಜ ಅದೇ.

ಆರು ತಿಂಗಳ ಮೇಲೆ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕಿದ. ಚಹಾ ಕುಡಿದೆವು. ‘ಯಾಕಲೇ ಬಿಟ್ಟಿ?’ ಅಂತ ಕೇಳಿದ್ದಕ್ಕೆ ನಕ್ಕ. ‘ಬಿಟ್ಟೆ ಅಂತ ನಾ ಯಾವತ್ತೂ ಅಂದಿಲ್ಲ. ನಾಳೆ ಹೋಗೋಣು, ನಾಳೆ ಹೋಗೋಣು ಅಂತ ಅನ್ಕೋತ ಉಳ್ಕೊಂಡೆ. ಟಿಸಿ ಕೇಳ್ಲಿಕ್ಕೆ ಹೋದಾಗ ಸರ್ ಮೊದಲ ಸಲ ನನ್ನ ಹೆಸರು ಕೇಳಿದ್ರು ನೋಡ’ ಅಂದ.

ಯಾರನ್ನೋ ದೂರಲಿಕ್ಕೆ ಇದನ್ನು ಬರೀತಿಲ್ಲ. ಆ ಸರ್ ಒಳ್ಳೆಯವರೇ, ಅವರ ಪಾಠ ನಮಗೆ ಇಷ್ಟ. ಆದರೆ ನಮ್ಮ ಗೆಳೆಯನ ಮಾತಿನಲ್ಲಿ ಒಂದು ಪಾಠ ಇದೆ. ಕಾಲೇಜು ಬಿಡೋದು ಒಂದು ದಿನದ ನಿರ್ಧಾರ ಅಂತ ನಾವು ತಿಳಿದಿರ್ತೇವೆ. ಹಾಗಲ್ಲ. ಅದು ವಾರಗಟ್ಟಲೆ, ಸ್ವಲ್ಪ ಸ್ವಲ್ಪವೇ ನಡೆಯೋದು. ಅದು ನಡೀತಿರುವಾಗ ದಿನಾ ನೋಡುವ ದೊಡ್ಡವರು ಅಂದರೆ ಹಾಜರಿ ತೆಗೆಯುವ ಅಧ್ಯಾಪಕರು ಮಾತ್ರ. ಪ್ರಿನ್ಸಿಪಾಲರಿಗೆ, ಆಫೀಸಿಗೆ, ಕೆಲವು ಸಲ ಅಪ್ಪ ಅಮ್ಮನಿಗೂ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿರ್ತದೆ. ಹಾಗಾದರೆ ಅಧ್ಯಾಪಕರು ಏನು ಮಾಡಬಹುದು? ನಾವು ಓದಿದ್ದು, ನೋಡಿದ್ದು, ಸೀನಿಯರ್‌ಗಳ ಹತ್ತಿರ ಮತ್ತು ಪಾಲಿಟೆಕ್ನಿಕ್ ಗೆಳೆಯರ ಹತ್ತಿರ ಕೇಳಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇವೆ.

೧. ಮೊದಲು ಲೆಕ್ಕ ನೋಡೋಣ

ವಿಟಿಯು ನಿಯಮದಲ್ಲಿ ಪ್ರತಿ ವಿಷಯಕ್ಕೂ 85% ಹಾಜರಿ ಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಈ ಲೆಕ್ಕವನ್ನು ದಿನದ ಲೆಕ್ಕಕ್ಕೆ ಇಳಿಸಿ ನೋಡಿದವರು ಕಡಿಮೆ. ಒಂದು ವಿಷಯಕ್ಕೆ ವಾರಕ್ಕೆ ನಾಲ್ಕು ಕ್ಲಾಸ್, ಸೆಮಿಸ್ಟರಿಗೆ ಒಟ್ಟು 50 ಕ್ಲಾಸ್ ಅಂದುಕೊಳ್ಳಿ. 85% ಅಂದರೆ 42.5, ಅಂದರೆ 43 ಕ್ಲಾಸ್ ಕೂಡಲೇಬೇಕು. ತಪ್ಪಿಸಬಹುದಾದದ್ದು ಏಳು. ಊರಿನಲ್ಲಿ ಬಿತ್ತನೆ ಅಂತ ಎರಡು ವಾರ ನಿಂತವನಿಗೆ ಎಂಟು ಕ್ಲಾಸ್ ಹೋಗಿರ್ತವೆ. ಒಂದೇ ಹೊಡೆತಕ್ಕೆ ಗೆರೆ ದಾಟಿದ. ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬರೋದು ಸೆಮಿಸ್ಟರ್ ಕೊನೆಗೆ. ಅಷ್ಟು ಹೊತ್ತಿಗೆ ತಿದ್ದಿಕೊಳ್ಳಲಿಕ್ಕೆ ಕ್ಲಾಸೇ ಉಳಿದಿರೋದಿಲ್ಲ.

ಮಾರ್ಕ್ಸಿನ ಲೆಕ್ಕವೂ ಹಾಗೇ. 2022ರ ಸ್ಕೀಮಿನಲ್ಲಿ ಸಿಐಇಗೆ 50, ಸಿಮಿಸ್ಟರ್ ಕೊನೆಯ ಪರೀಕ್ಷೆಗೆ 50. ಸಿಐಇಯಲ್ಲಿ ಕನಿಷ್ಠ 20 ಬೇಕು. ಕೊನೆಯ ಪರೀಕ್ಷೆಯಲ್ಲಿ 50ಕ್ಕೆ 18 ಬೇಕು. ಎರಡೂ ಸೇರಿ 40 ಆಗಬೇಕು. ಇಲ್ಲೊಂದು ಗುಂಡಿ ಇದೆ: 20 ಮತ್ತು 18 ಕೂಡಿಸಿದರೆ 38. ‘ಎರಡರಲ್ಲೂ ಪಾಸ್ ಮಾರ್ಕ್ಸ್ ಬಂತು’ ಅಂತ ಖುಷಿಯಲ್ಲಿದ್ದವನು ಎರಡು ಮಾರ್ಕ್ಸಿಗೆ ಬೀಳ್ತಾನೆ. ಹುಬ್ಬಳ್ಳಿ-ಧಾರವಾಡದ ಅಟಾನಮಸ್ ಕಾಲೇಜುಗಳಲ್ಲಿ, ಯೂನಿವರ್ಸಿಟಿ ಆಗಿರುವ ಕಾಲೇಜಿನಲ್ಲಿ ಈ ಅಂಕಿಗಳು ಸ್ವಲ್ಪ ಬೇರೆ ಇರಬಹುದು. ಆದರೆ ಎಲ್ಲ ಕಡೆಯೂ ಇಂಥ ಗೆರೆಗಳು ಇದ್ದೇ ಇರ್ತವೆ.

ಮನೆಯಲ್ಲಿ ಅಣ್ಣನೋ ಅಕ್ಕನೋ ಇಂಜಿನಿಯರಿಂಗ್ ಓದಿದ್ದರೆ ಈ ಲೆಕ್ಕ ಮೊದಲೇ ಗೊತ್ತಿರ್ತದೆ. ಮನೆತನದಲ್ಲೇ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವನಿಗೆ ಯಾರು ಹೇಳಬೇಕು? ಆದ್ದರಿಂದ ಅಧ್ಯಾಪಕರ ಮೊದಲ ಕೆಲಸ ಬಹಳ ಸರಳ. ಮೊದಲ ವಾರದಲ್ಲೇ ಬೋರ್ಡಿನ ಮೇಲೆ ಈ ಲೆಕ್ಕ ಬಿಡಿಸಿ ತೋರಿಸೋದು. ‘ನನ್ನ ವಿಷಯದಾಗ ನಿಮಗ ಏಳು ರಜಾ ಅದಾವು. ಬ್ಯಾಂಕಿನಾಗ ರೊಕ್ಕ ಇಟ್ಟಂಗ ಇಟ್ಕೋರಿ, ಜ್ವರ ಬಂದಾಗ ಬೇಕಾಗ್ತಾವು’ ಅಂತ ನಮಗೊಬ್ಬ ಮೇಡಂ ಹೇಳಿದ್ದರು. ಅವರ ವಿಷಯದಲ್ಲಿ ಶಾರ್ಟೇಜ್ ಬಹಳ ಕಡಿಮೆ ಇತ್ತು.

೨. ಬಿಡುವವರು ದಡ್ಡರಲ್ಲ

‘ಓದೋಕೆ ಆಗಲಿಲ್ಲ, ಬಿಟ್ಟ’ ಅನ್ನೋದು ಸುಲಭದ ವಿವರಣೆ. ಇದರ ಬಗ್ಗೆ ಓದುವಾಗ ನಮಗೆ ಅಮೆರಿಕದ ಇಬ್ಬರು ಅಧ್ಯಾಪಕರ ಕೆಲಸ ಸಿಕ್ಕಿತು. ದೇಶ ಬೇರೆ, ಆದರೆ ಕಥೆ ನಮ್ಮ ಕ್ಲಾಸಿನದೇ ಅನ್ನಿಸಿತು.

ಒಬ್ಬರು ಯೂರಿ ಟ್ರೈಸ್ಮನ್. 1970ರ ದಶಕದಲ್ಲಿ ಬರ್ಕ್ಲಿಯಲ್ಲಿದ್ದರು. ಅಲ್ಲಿ ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಹೆಚ್ಚು ಸಂಖ್ಯೆಯಲ್ಲಿ ಫೇಲಾಗ್ತಿದ್ದರು. ಕಾರಣ ಏನು ಅಂತ ಅಧ್ಯಾಪಕರನ್ನು ಕೇಳಿದರೆ ಆಸಕ್ತಿ ಇಲ್ಲ, ತಳಪಾಯ ಸರಿ ಇಲ್ಲ, ಮನೆಯಲ್ಲಿ ಬೆಂಬಲ ಇಲ್ಲ ಅನ್ನುವ ಉತ್ತರಗಳೇ ಬಂದವು. ಟ್ರೈಸ್ಮನ್ ಆ ಉತ್ತರ ನಂಬಿ ಸುಮ್ಮನೆ ಕೂಡಲಿಲ್ಲ. ಇಪ್ಪತ್ತು ಕಪ್ಪು ವಿದ್ಯಾರ್ಥಿಗಳು, ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳ ಜೊತೆ ಓಡಾಡಿ, ಅವರು ಹೇಗೆ ಓದ್ತಾರೆ ಅಂತ ಕಣ್ಣಾರೆ ನೋಡಿದರು. ಊಹಿಸಿದ ಕಾರಣಗಳು ಯಾವುವೂ ನಿಲ್ಲಲಿಲ್ಲ. ಕಂಡ ವ್ಯತ್ಯಾಸ ಇಷ್ಟು: ಚೀನೀ ಮೂಲದವರು ಒಬ್ಬೊಬ್ಬರೇ ಲೆಕ್ಕ ಮಾಡಿದ ಮೇಲೆ ಕೂಡಿ ಕೂತು ಉತ್ತರ ತಾಳೆ ನೋಡ್ತಿದ್ದರು, ಒಬ್ಬರ ತಪ್ಪು ಇನ್ನೊಬ್ಬರು ತಿದ್ದುತ್ತಿದ್ದರು, ಹಳೇ ಪ್ರಶ್ನೆಪತ್ರಿಕೆ ಹಂಚಿಕೊಳ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಕಷ್ಟಪಟ್ಟು ಓದ್ತಿದ್ದರು, ಆದರೆ ಒಬ್ಬೊಬ್ಬರೇ. ಲೆಕ್ಕ ಬಿಡಿಸೋಕೆ ಬಾರದೆ ಹೋದಾಗ ‘ತಪ್ಪು ನನ್ನದೇ’ ಅಂದುಕೊಳ್ತಿದ್ದರು. ಯಾಕೆಂದರೆ ಪಕ್ಕದವನಿಗೂ ಅದೇ ಲೆಕ್ಕ ಬಂದಿಲ್ಲ ಅನ್ನೋದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಟ್ರೈಸ್ಮನ್ ಆಮೇಲೆ ಮಾಡಿದ ಕೆಲಸ ಇನ್ನೂ ಚೆಂದ. ‘ವೀಕ್ ಸ್ಟೂಡೆಂಟ್ಸ್‌ಗೆ ರೆಮಿಡಿಯಲ್ ಕ್ಲಾಸ್’ ಅಂತ ಬೋರ್ಡ್ ಹಾಕಲಿಲ್ಲ. ಗುಂಪಾಗಿ ಕೂತು ಕಠಿಣ ಲೆಕ್ಕಗಳನ್ನು ಬಿಡಿಸುವ ವರ್ಕ್‌ಶಾಪ್ ಶುರು ಮಾಡಿದರು. ಅದರಲ್ಲಿ ಸೇರಿದವರ ಫಲಿತಾಂಶ ಬಹಳ ಸುಧಾರಿಸಿತು.

ಇನ್ನೊಬ್ಬರು ವಿನ್ಸೆಂಟ್ ಟಿಂಟೊ. ವಿದ್ಯಾರ್ಥಿಗಳು ಕಾಲೇಜು ಯಾಕೆ ಬಿಡ್ತಾರೆ ಅನ್ನುವ ಬಗ್ಗೆ 1975ರಲ್ಲಿ ಬರೆದ ಲೇಖನದಿಂದ ಹೆಸರಾದವರು. ಅವರ ಮಾತಿನ ಸಾರ: ಓದಿನಲ್ಲಿ ಒಂದು ಹಿಡಿತ, ಜನರಲ್ಲಿ ಒಂದು ನಂಟು, ಎರಡೂ ಸಿಕ್ಕವನು ಉಳೀತಾನೆ. ಆಮೇಲಿನ ಬರಹದಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು. ಮನೆಯಿಂದ ಓಡಾಡುವ ವಿದ್ಯಾರ್ಥಿಗೆ ಕಾಲೇಜು ಅಂದರೆ ಕ್ಲಾಸ್‌ರೂಮ್ ಅಷ್ಟೇ. ಆ ನಂಟು ಅಲ್ಲೇ ಸಿಗಬೇಕು, ಬೇರೆ ಕಡೆ ಸಿಗೋದಿಲ್ಲ.

ಇದನ್ನು ಓದಿದಾಗ ನಮಗೆ ನೆನಪಾದದ್ದು ಸಂಜೆ ಬಸ್ಸಿಗೆ ಓಡುತ್ತಿದ್ದ ನಮ್ಮ ಗೆಳೆಯ. ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಅಳ್ನಾವರದಿಂದ ಪಾಸ್ ತೆಗೆಸಿ ದಿನಾ ಓಡಾಡುವವರು ಪ್ರತಿ ಕ್ಲಾಸಿನಲ್ಲಿ ಇದ್ದಾರೆ. ಫೆಸ್ಟ್, ಕ್ಲಬ್, ಕ್ಯಾಂಟೀನು ಎಲ್ಲ ಶುರುವಾಗೋದು ಸಂಜೆ ನಾಲ್ಕರ ಮೇಲೆ. ಅವರ ಬಸ್ ಹೊರಡೋದೂ ಅದೇ ಹೊತ್ತಿಗೆ. ಹಾಸ್ಟೆಲ್ಲಿನವರು ರಾತ್ರಿ ಹನ್ನೊಂದಕ್ಕೆ ಪಕ್ಕದ ರೂಮಿನ ಬಾಗಿಲು ಬಡಿದು ಡೌಟ್ ಕೇಳ್ತಾರೆ. ಬಸ್ಸಿನವನು ಯಾರ ಬಾಗಿಲು ಬಡೀಬೇಕು?

೩. ಭಾಷೆಯ ಗೋಡೆ

ನಾವು ಇಂಗ್ಲಿಷ್ ಮೀಡಿಯಂನವರು ಇದನ್ನು ತಡವಾಗಿ ಅರ್ಥ ಮಾಡಿಕೊಂಡೆವು. ನಮ್ಮ ಗೆಳೆಯನಿಗೆ ಪಿಯುಸಿ ಗಣಿತದಲ್ಲಿ ನಮಗಿಂತ ಹೆಚ್ಚು ಮಾರ್ಕ್ಸ್ ಬಂದಿದ್ದವು. ಆದರೆ ಕ್ಲಾಸಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನಿಗೆ ಪ್ರಶ್ನೆ ಕನ್ನಡದಲ್ಲಿ ಹುಟ್ಟುತ್ತಿತ್ತು. ಅದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ, ಗ್ರಾಮರ್ ಸರಿ ಇದೆಯಾ ಅಂತ ನೋಡಿ, ಬಾಯಿ ತೆರೆಯೋ ಹೊತ್ತಿಗೆ ಸರ್ ಮುಂದಿನ ಸ್ಲೈಡಿಗೆ ಹೋಗಿರ್ತಿದ್ದರು.

ಇದಕ್ಕೆ ಪೂರ್ತಿ ಕನ್ನಡದಲ್ಲೇ ಇಂಜಿನಿಯರಿಂಗ್ ಕಲಿಸೋದು ಒಂದು ದಾರಿ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಬಿಇ ಕಲಿಸಲು ಅವಕಾಶ ಕೊಟ್ಟಿತು, ಅದರಲ್ಲಿ ಕನ್ನಡವೂ ಇತ್ತು. ಪಠ್ಯಪುಸ್ತಕಗಳನ್ನು ಕನ್ನಡಕ್ಕೆ ತರಿಸಿ ಇ-ಕುಂಭ್ ಪೋರ್ಟಲ್‌ನಲ್ಲಿ ಉಚಿತವಾಗಿ ಇಟ್ಟಿದೆ. ಆದರೆ ಕನ್ನಡದ ಸೀಟು ಆರಿಸಿಕೊಂಡವರು ಬಹಳ ಕಡಿಮೆ. ಮುಂದೆ ಕೆಲಸ ಸಿಗ್ತದೋ ಇಲ್ಲವೋ ಅನ್ನುವ ಭಯ ಎಲ್ಲ ಮನೆಗಳಲ್ಲೂ ಇದೆ. ಆ ಭಯ ಸುಳ್ಳು ಅಂತ ಹೇಳೋಕೆ ನಾವು ಯಾರು?

ನಡುವಿನ ದಾರಿ ಒಂದಿದೆ. ಅದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ. ಪಾರಿಭಾಷಿಕ ಪದ ಇಂಗ್ಲಿಷಿನಲ್ಲೇ ಇರಲಿ, ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ, ಆದರೆ ವಿಷಯದ ತಿರುಳನ್ನು ಒಂದು ಸಲ ಕನ್ನಡದಲ್ಲಿ ಹೇಳೋದು. ನಮ್ಮ ಮೆಕ್ಯಾನಿಕ್ಸ್ ಸರ್ ಮೊಮೆಂಟ್ ಹೇಳಿಕೊಟ್ಟದ್ದು ಹೀಗೆ. ಎದ್ದು ಹೋಗಿ ಕ್ಲಾಸಿನ ಬಾಗಿಲು ಹಿಡಿದರು. ‘ಹಿಡಿಕೀ ಹತ್ರ ನೂಕಿದ್ರ ಒಂದ ಬಳ್ಳಲೆ ತಿರಗ್ತೈತಿ. ಬಿಜಾಗ್ರಿ ಹತ್ರ ನೂಕ್ರಿ ನೋಡೋಣು? ಎರಡೂ ಕೈ ಬೇಕು. ಬಾಗಲಾ ತಿರಗ್ಲಿಕ್ಕೆ ಬೇಕಾದ ಮೊಮೆಂಟ್ ಅಷ್ಟ. ದೂರ ಕಮ್ಮಿ ಆತು, ಬಲ ಹೆಚ್ಚಾತು.’ ಎರಡು ನಿಮಿಷ ಹಿಡಿಯಿತು. ಆಮೇಲೆ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಫೋರ್ಸ್ ಇಂಟು ಪರ್ಪೆಂಡಿಕ್ಯುಲರ್ ಡಿಸ್ಟೆನ್ಸ್ ಅಂತ ಬರೆದರು. ಅವತ್ತು ನಮಗೂ, ಅಂದರೆ ಇಂಗ್ಲಿಷ್ ಮೀಡಿಯಂನವರಿಗೂ, ಮೊದಲ ಸಲ ಮೊಮೆಂಟ್ ಅಂದರೆ ಏನು ಅಂತ ತಿಳಿಯಿತು. ಅಲ್ಲಿವರೆಗೆ ಫಾರ್ಮುಲಾ ಬಾಯಿಪಾಠ ಅಷ್ಟೇ ಇತ್ತು.

ಅದಕ್ಕಿಂತ ಮುಖ್ಯ, ‘ಪ್ರಶ್ನೆ ಕನ್ನಡದಾಗ ಕೇಳ್ರಿ, ನಡೀತದ’ ಅಂತ ಬಾಯಿಬಿಟ್ಟು ಹೇಳೋದು. ಕೇಳಬಹುದು ಅಂತ ಹುಡುಗರು ತಾವಾಗಿ ಊಹಿಸಿಕೊಳ್ಳೋದಿಲ್ಲ. ಬೀದರಿನಿಂದಲೋ ಬಿಹಾರದಿಂದಲೋ ಬಂದವರು ಕ್ಲಾಸಿನಲ್ಲಿದ್ದರೆ ಅದೇ ಮಾತನ್ನು ಹಿಂದಿಯಲ್ಲೂ ಹೇಳಲಿ. ಮಾತು ಯಾವುದಾದರೂ ಇರಲಿ, ಪ್ರಶ್ನೆ ಹೊರಗೆ ಬರಬೇಕು.

೪. ಅಧ್ಯಾಪಕರು ಮಾಡಬಹುದಾದ ಆರು ಕೆಲಸ

ಒಂದು, ಹೆಸರು. ಯುಎಸ್‌ಎನ್ನಿನ ಕೊನೇ ಮೂರು ಅಂಕಿ ಕರೆದು ಹಾಜರಿ ತೆಗೆಯೋದು ಬೇಗ ಆಗ್ತದೆ, ನಿಜ. ಆದರೆ ‘ಜೀರೋ ಫಾರ್ಟಿಸೆವೆನ್’ ಬಂದಿಲ್ಲ ಅಂದರೆ ಯಾರಿಗೂ ಏನೂ ಅನ್ನಿಸೋದಿಲ್ಲ. ಮೊದಲ ಒಂದು ತಿಂಗಳಾದರೂ ಹೆಸರು ಕರೆಯಲಿ. ಅರವತ್ತು ಹೆಸರು ನೆನಪಿಡೋದು ಕಷ್ಟ. ದಿನಕ್ಕೆ ಮೂರು ಹೆಸರು, ಊರಿನ ಜೊತೆ ನೆನಪಿಟ್ಟರೆ ಇಪ್ಪತ್ತು ಕ್ಲಾಸಿಗೆ ಅರವತ್ತು ಆಗ್ತವೆ.

ಎರಡು, ಬೇಗ ಒಂದು ಸಣ್ಣ ಟೆಸ್ಟ್. ಮೊದಲ ಇಂಟರ್ನಲ್ಸ್ ಬರುವ ಹೊತ್ತಿಗೆ ಒಂದು ತಿಂಗಳ ಮೇಲಾಗಿರ್ತದೆ. ಅಲ್ಲಿಯವರೆಗೆ ತಾನು ಹಿಂದೆ ಬಿದ್ದದ್ದು ಹುಡುಗನಿಗೂ ಗೊತ್ತಿರೋದಿಲ್ಲ, ಸರ್‌ಗೂ ಗೊತ್ತಿರೋದಿಲ್ಲ. ಎರಡನೇ ವಾರದ ಕೊನೆಗೆ ಹತ್ತು ನಿಮಿಷದ, ಮಾರ್ಕ್ಸ್ ಲೆಕ್ಕಕ್ಕೆ ಹಿಡಿಯದ ಒಂದು ಟೆಸ್ಟ್ ಕೊಡಲಿ. ಪಿಯುಸಿಯಲ್ಲಿ ಕಲಿತಿರಬೇಕಾದ ಮೂರು ಲೆಕ್ಕ ಸಾಕು. ಉತ್ತರ ಪತ್ರಿಕೆ ಮರುದಿನವೇ ವಾಪಸ್ ಕೊಟ್ಟು, ಯಾವ ಲೆಕ್ಕ ಅರ್ಧ ಕ್ಲಾಸಿಗೆ ಬಂದಿಲ್ಲ ಅಂತ ಹೇಳಿದರೆ, ಟ್ರೈಸ್ಮನ್ ಕಂಡ ಆ ‘ತಪ್ಪು ನನ್ನದೇ’ ಅನ್ನುವ ಭಾವನೆ ಅಲ್ಲೇ ಅರ್ಧ ಕರಗ್ತದೆ.

ಮೂರು, ಎರಡನೇ ಗೈರಿಗೇ ವಿಚಾರಿಸೋದು. ಸತತ ಎರಡು ಕ್ಲಾಸ್ ತಪ್ಪಿದರೆ ಒಂದು ಫೋನ್, ಅಥವಾ ಪಕ್ಕದವನ ಕೈಲಿ ಒಂದು ಮಾತು. ಆದರೆ ಮಾತಿನ ಧಾಟಿ ಮುಖ್ಯ. ‘ಯಾಕ ಬಂದಿಲ್ಲ? ಶಾರ್ಟೇಜ್ ಬೀಳ್ತದ, ಗೊತ್ತದ ಏನು? ಪೇರೆಂಟ್ಸ್ ಕರ್ಕೊಂಡ ಬಾ’ ಅಂದರೆ ಹುಡುಗ ಮೂರನೇ ದಿನವೂ ಬರೋದಿಲ್ಲ, ಅಪ್ಪನನ್ನು ಒಂದು ದಿನದ ಕೂಲಿ ಬಿಡಿಸಿ ಕರೆತರೋದಕ್ಕಿಂತ ಮನೆಯಲ್ಲಿ ಕೂಡೋದೇ ವಾಸಿ ಅಂದುಕೊಳ್ತಾನೆ. ‘ಆರಾಮ್ ಅದೀ ಇಲ್ಲೋ? ಮನ್ಯಾಗ ಎಲ್ಲಾ ಬರೋಬ್ಬರಿ ಅದಾರಾ? ಎರಡು ಕ್ಲಾಸಿನ ನೋಟ್ಸ್ ಇಂಥಾವನ ಹತ್ರ ಇಟ್ಟೀನಿ, ನಾಳೆ ಬಂದು ತಗೋ’ ಅಂದರೆ ಬರ್ತಾನೆ. ಎರಡನೇ ಮಾತಿನಲ್ಲಿ ವಾಪಸ್ ಬರಲಿಕ್ಕೆ ಒಂದು ಕೆಲಸ ಇದೆ, ಒಬ್ಬ ಮನುಷ್ಯ ಇದ್ದಾನೆ, ಒಂದು ದಿನ ಇದೆ. ಎರಡು ವಾರ ತಪ್ಪಿಸಿದವನಿಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಪಾಠದ್ದಲ್ಲ. ಬಾಗಿಲಲ್ಲಿ ನಿಂತು ‘ಮೇ ಐ ಕಮಿನ್’ ಅಂದಾಗ ಎಲ್ಲರೂ ತಿರುಗಿ ನೋಡ್ತಾರಲ್ಲ, ಅದು.

ನಾಲ್ಕು, ಕೂಡಿಸಿ ಓದಿಸೋದು. ಸಂಜೆ ಗುಂಪು ಮಾಡಿಕೊಂಡು ಓದ್ರಿ ಅಂದರೆ ಬಸ್ಸಿನವರಿಗೆ ಆಗೋದಿಲ್ಲ. ಆದ್ದರಿಂದ ಟ್ಯುಟೋರಿಯಲ್ ಗಂಟೆಯಲ್ಲೇ ನಾಲ್ಕು ನಾಲ್ಕು ಮಂದಿಯ ಗುಂಪು ಆಗಲಿ. ಗುಂಪನ್ನು ಸರ್ ಮಾಡಲಿ, ನಮ್ಮ ಕೈಗೆ ಬಿಟ್ಟರೆ ನಾವು ನಮ್ಮ ಹಳೇ ಶಾಲೆಯವರ ಜೊತೆಗೇ ಕೂಡ್ತೇವೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಬರುವ ಲ್ಯಾಟರಲ್ ಎಂಟ್ರಿಯವರಿಗೂ ಇದೇ ಮದ್ದು. ಅವರಿಗೆ ಮೊದಲ ವರ್ಷದ ಗಣಿತ ಆಗಿರೋದಿಲ್ಲ, ಅದರಲ್ಲಿ ಎಡವುತ್ತಾರೆ. ಆದರೆ ಲೇಥ್ ಮೇಲೆ, ಡ್ರಾಯಿಂಗ್‌ನಲ್ಲಿ ಅವರ ಕೈ ನಮಗಿಂತ ಎಷ್ಟೋ ಪಳಗಿರ್ತದೆ. ಲ್ಯಾಬಿನಲ್ಲಿ ಅವರು ನಮಗೆ ಹೇಳಿಕೊಡಲಿ, ಗಣಿತ ನಾವು ಅವರಿಗೆ ಹೇಳಿಕೊಡ್ತೇವೆ. ಆಗ ಯಾರೂ ಪೂರ್ತಿ ‘ವೀಕ್’ ಆಗಿ ಉಳಿಯೋದಿಲ್ಲ.

ಐದು, ಮಾರ್ಕ್ಸ್ ಗಟ್ಟಿಯಾಗಿ ಓದದಿರೋದು. ಕ್ಲಾಸಿನಲ್ಲಿ ‘ಮೂರು ಮಾರ್ಕ್ಸ್!’ ಅಂತ ಎತ್ತಿ ಹಿಡಿದ ಪೇಪರು ನಮ್ಮ ಗೆಳೆಯನದೂ ಒಂದಿತ್ತು. ನಾವೂ ನಕ್ಕಿದ್ದೆವು. ಅದರ ಬದಲು ಪೇಪರ್ ಕೈಗೆ ಕೊಟ್ಟು, ‘ಎರಡನೇ ಟೆಸ್ಟ್, ಅಸೈನ್‌ಮೆಂಟ್ ಇನ್ನೂ ಅದಾವು. 20 ಮುಟ್ಟಲಿಕ್ಕೆ ಹಿಂಗ ಲೆಕ್ಕ ಹಾಕು’ ಅಂತ ಹೇಳಿದ್ದರೆ? ಮುಂದೆ ಎಷ್ಟು ಮಾಡಿದರೆ ದಾಟಬಹುದು ಅನ್ನೋದು ಕಣ್ಣಿಗೆ ಕಂಡರೆ ಮನುಷ್ಯ ಪ್ರಯತ್ನ ಮಾಡ್ತಾನೆ.

ಆರು, ದುಡ್ಡಿನ ವಿಷಯದಲ್ಲಿ ದಾರಿ ತೋರಿಸೋದು. ಅಧ್ಯಾಪಕರು ತಮ್ಮ ಜೇಬಿನಿಂದ ಫೀ ಕಟ್ಟಬೇಕಿಲ್ಲ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನ ಯಾವುದು, ಬಿಸಿಎಂ ಹಾಸ್ಟೆಲ್‌ಗೆ ಯಾವಾಗ ಅರ್ಜಿ, ಫೀ ಎರಡು ಕಂತಿನಲ್ಲಿ ಕಟ್ಟಲಿಕ್ಕೆ ಯಾರನ್ನು ಕೇಳಬೇಕು, ಇಷ್ಟನ್ನು ಕ್ಲಾಸಿನಲ್ಲಿ ಒಂದು ನಿಮಿಷ ಹೇಳಿದರೆ ಸಾಕು. ಎಲ್ಲರ ಎದುರಿಗೆ, ಎಲ್ಲರಿಗೂ ಅಂತ ಹೇಳಬೇಕು. ‘ಯಾರಿಗೆ ಬೇಕೋ ಕೈ ಎತ್ರಿ’ ಅಂದರೆ ಯಾರೂ ಎತ್ತೋದಿಲ್ಲ.

೫. ಇದು ಧಾರವಾಡಕ್ಕೆ ಹೊಸದೇನಲ್ಲ

ಧಾರವಾಡ ವಿದ್ಯಾಕಾಶಿ ಅಂತ ನಾವು ಭಾಷಣದಲ್ಲಿ ಹೇಳ್ತೇವೆ. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು, 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿವಿಬಿ ಇಂಜಿನಿಯರಿಂಗ್ ಕಾಲೇಜು ಬಂತು ಅಂತ ವರ್ಷ ಎಣಿಸ್ತೇವೆ. ಆದರೆ ಹಳ್ಳಿಯ ಹುಡುಗರು ಇಲ್ಲಿ ಉಳಿದು ಓದಿದ್ದು ಕಟ್ಟಡಗಳಿಂದ ಮಾತ್ರ ಅಲ್ಲ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಊಟ, ವಸತಿ ಸಿಕ್ಕದ್ದರಿಂದ ಎಷ್ಟೋ ಬಡ ಹುಡುಗರು ಓದು ಮುಗಿಸಿದರು. ವಾರಾನ್ನದ ಮನೆಗಳಲ್ಲಿ ದಿನಕ್ಕೊಂದು ಮನೆಯಂತೆ ಉಂಡು ಓದಿದವರ ಕಥೆಗಳು ನಮ್ಮ ಅಜ್ಜಂದಿರ ಬಾಯಲ್ಲಿ ಇನ್ನೂ ಇವೆ. ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದವರಲ್ಲಿ ಮುಂದೆ ನಿಂತವರು ಅಧ್ಯಾಪಕರೇ, ಜನ ಅವರನ್ನು ಸಪ್ತರ್ಷಿಗಳು ಅಂತ ಕರೀತಾರೆ. ಹುಡುಗನನ್ನು ಸೇರಿಸಿಕೊಂಡರೆ ಸಾಲದು, ಓದು ಮುಗಿಯೋವರೆಗೆ ಅವನು ನಿಲ್ಲಬೇಕು ಅನ್ನುವ ತಿಳಿವಳಿಕೆ ಈ ನೆಲದಲ್ಲಿ ಮೊದಲಿನಿಂದ ಇದೆ.

ಈಗಿನ ನಿಯಮಗಳಲ್ಲೂ ಅದು ಇದೆ. ಎಐಸಿಟಿಇ ಹೇಳುವ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮದಲ್ಲಿ ಸುಮಾರು 20 ವಿದ್ಯಾರ್ಥಿಗಳ ಗುಂಪಿಗೆ ಒಬ್ಬ ಅಧ್ಯಾಪಕ ಮೆಂಟರ್ ಇರಬೇಕು ಅಂತ ಇದೆ. ಎಷ್ಟೋ ಕಡೆ ಮೂರು ವಾರ ಮೂರು ದಿನ ಆಗ್ತದೆ, ಮೆಂಟರ್ ಅಂದರೆ ಸೆಮಿಸ್ಟರಿಗೆ ಒಂದು ಸಲ ಸಹಿ ಮಾಡುವ ಪುಸ್ತಕ ಆಗ್ತದೆ. ಆ ಪುಸ್ತಕದ ಬದಲು ತಿಂಗಳಿಗೆ ಹತ್ತು ನಿಮಿಷದ ಮಾತು ಸಿಕ್ಕರೆ ಅದೇ ದೊಡ್ಡದು.

೬. ಎದುರು ಮಾತು

ಈ ಲೇಖನದ ಕರಡನ್ನು ನಾವು ಒಬ್ಬ ಸರ್‌ಗೆ ತೋರಿಸಿದೆವು. ಓದಿ, ಕನ್ನಡಕ ತೆಗೆದು ಕೇಳಿದರು: ‘ನನಗ ಮೂರು ಸೆಕ್ಷನ್, ನೂರಾ ಎಂಬತ್ತು ಮಂದಿ. ಅದರ ಮ್ಯಾಲೆ ನ್ಯಾಕ್ ಫೈಲು, ಎನ್‌ಬಿಎ ಫೈಲು. ಎಲ್ಲರಿಗೂ ಫೋನ್ ಮಾಡ್ಕೋತ ಕೂಡ್ಲೇನು?’ ನ್ಯಾಯವಾದ ಪ್ರಶ್ನೆ. ಗೆಸ್ಟ್ ಲೆಕ್ಚರರ್ ಆಗಿ ಇರುವವರಿಗಂತೂ ಮುಂದಿನ ಸೆಮಿಸ್ಟರ್ ತಮಗೇ ಕೆಲಸ ಇದೆಯೋ ಇಲ್ಲವೋ ಗೊತ್ತಿರೋದಿಲ್ಲ. ಅವರ ಮೇಲೆ ಇನ್ನೊಂದು ಹೊರೆ ಹೊರಿಸೋದು ಸರಿಯಲ್ಲ.

ನಮ್ಮ ಉತ್ತರ ಇಷ್ಟೇ: ನೂರಾ ಎಂಬತ್ತು ಮಂದಿಗೂ ಫೋನ್ ಬೇಕಾಗಿಲ್ಲ. ಯಾವುದೇ ವಾರದಲ್ಲಿ ಸತತ ಎರಡು ಕ್ಲಾಸ್ ತಪ್ಪಿಸಿ, ಸಣ್ಣ ಟೆಸ್ಟಿನಲ್ಲೂ ಕಷ್ಟಪಟ್ಟವರು ಕೆಲವರೇ ಇರ್ತಾರೆ. ಆ ಪಟ್ಟಿ ತೆಗೆಯೋ ಕೆಲಸ ಸಿಆರ್ ಮಾಡಬಹುದು. ವಿಚಾರಿಸುವ ಕೆಲಸದಲ್ಲಿ ಸೀನಿಯರ್‌ಗಳು ಕೈಜೋಡಿಸಬಹುದು. ಆದರೆ ‘ಸರ್ ಕೇಳಿದ್ರು’ ಅನ್ನುವ ಮಾತಿಗೆ ಇರುವ ತೂಕ ನಮ್ಮ ಮಾತಿಗೆ ಇಲ್ಲ. ಅದಕ್ಕಾಗಿ ಅವರ ಎರಡು ನಿಮಿಷ ಬೇಕೇ ಬೇಕು.

ಸರ್ ಇನ್ನೊಂದು ಮಾತು ಹೇಳಿದರು, ಅದನ್ನು ನಾವು ಒಪ್ಪಿಕೊಂಡೆವು. ‘ಎಲ್ಲಾರನ್ನೂ ಹಿಡಿದು ನಿಲ್ಲಸೂದು ಧರ್ಮ ಅಲ್ಲ. ಕೆಲವರಿಗೆ ಇದು ಬ್ಯಾಡಾಗಿರ್ತದ.’ ಹೌದು. ಅಪ್ಪನ ಒತ್ತಾಯಕ್ಕೆ ಬಂದು, ಆಮೇಲೆ ಬಿಎಸ್ಸಿ ಅಗ್ರಿಗೋ ಬಿ.ಕಾಂಗೋ ಹೋಗಿ ಖುಷಿಯಾಗಿ ಇರುವವರು ನಮಗೂ ಗೊತ್ತು. ಅಂಥವರು ಯೋಚನೆ ಮಾಡಿ ಹೋದರೆ ಅದು ಸೋಲಲ್ಲ. ಆದರೆ ‘ನಾನು ದಡ್ಡ’ ಅಂದುಕೊಂಡು, ಯಾರಿಗೂ ಹೇಳದೆ, ನಾಳೆ ನಾಳೆ ಅಂತ ಹೋಗುವವನನ್ನು ಒಂದು ಸಲ ಕೂಡಿಸಿ ಮಾತಾಡಿಸಬೇಕು. ಮಾತಾಡಿದ ಮೇಲೂ ಹೋಗ್ತೀನಿ ಅಂದರೆ ಹೋಗಲಿ, ಚಹಾ ಕುಡಿಸಿ ಕಳಿಸೋಣ.

೭. ನಾವು ಮಾಡೋದು

ಅಧ್ಯಾಪಕರಿಗೆ ಇಷ್ಟೆಲ್ಲ ಹೇಳಿ ನಾವು ಸುಮ್ಮನೆ ಕೂತರೆ ಚೆನ್ನಾಗಿ ಕಾಣೋದಿಲ್ಲ. ಈ ಸಲ ಹೊಸ ಬ್ಯಾಚ್ ಬಂದಾಗ ಕನ್ನಡ ಬಳಗದಿಂದ ಎರಡು ಕೆಲಸ ಮಾಡ್ತೇವೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಬಸ್ಸಿನವರೂ ಇರುವ ಹೊತ್ತಿನಲ್ಲಿ, ವಾರಕ್ಕೆ ಎರಡು ದಿನ ಲೈಬ್ರರಿ ಪಕ್ಕದ ರೂಮಿನಲ್ಲಿ ಗಣಿತ, ಮೆಕ್ಯಾನಿಕ್ಸ್ ಲೆಕ್ಕ ಕೂಡಿ ಬಿಡಿಸೋದು. ಡೌಟ್ ಕನ್ನಡದಲ್ಲೇ ಕೇಳಬಹುದು, ನಮ್ಮ ಕನ್ನಡವೂ ಅಷ್ಟರಲ್ಲಿ ಸುಧಾರಿಸ್ತದೆ. ಇನ್ನೊಂದು, ಹಾಜರಿ ಮತ್ತು ಮಾರ್ಕ್ಸಿನ ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿಯೊಬ್ಬರ ಕೈಗೂ ಕೊಡೋದು.

ನಮ್ಮ ಗೆಳೆಯ ಈಗ ಗೋಕುಲ ರೋಡ್ ಕಡೆ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡ್ತಾನೆ. ಮುಂದಿನ ವರ್ಷ ಡಿಪ್ಲೊಮಾಕ್ಕೆ ಸೇರಬೇಕು ಅಂತಿದ್ದಾನೆ. ಹೋದ ವಾರ ಅವನಿಗೆ ಈ ಲೇಖನ ಓದಿ ತೋರಿಸಿದೆವು, ಅವನ ಒಪ್ಪಿಗೆ ಇಲ್ಲದೆ ಹಾಕೋದು ಬೇಡ ಅಂತ. ಪೂರ್ತಿ ಕೇಳಿ, ‘ಹೆಸರ ಹಾಕಬ್ಯಾಡ್ರಿ, ಮಿಕ್ಕಿದ್ದು ಬರೋಬ್ಬರಿ ಐತಿ’ ಅಂದ. ಆಮೇಲೆ ಸ್ವಲ್ಪ ತಡೆದು ಕೇಳಿದ: ‘ಆ ಮಧ್ಯಾಹ್ನದ ಲೆಕ್ಕದ ಕ್ಲಾಸಿಗೆ ಡಿಪ್ಲೊಮಾದವರೂ ಬರಬಹುದೇನು?’

ಬರಬಹುದು. ಯಾರು ಬೇಕಾದರೂ ಬರಬಹುದು. ಬೆಂಚು ಖಾಲಿ ಇದೆ.